ಬೀದಿಗೆ ಲಾಯಕ್ಕಲ್ಲದ ನೇರಳೆ ಮರ

ಮದ್ದೂರು ಪೇಟೆಬೀದಿಯ ದರ್ಜಿ ಅಫ್ಸರ್ ಪಾಷಾ ಇಸ್ತ್ರಿ ಮಾಡಿ ಜಗಲಿಯಲ್ಲಿ ತೂಗುಹಾಕಿದ್ದ ಬಿಳಿ ಅಂಗಿಯ ಬೆನ್ನ ಮೇಲೆ, ಪಕ್ಕದ ಮರದಿಂದ ಕಳಿತ ನೇರಳೆಹಣ್ಣೊಂದು ಪಚಕ್ಕೆಂದು ಬಿತ್ತು. ಅದು ಮದುವಣಿಗನ ಅಂಗಿ. ಯುದ್ಧದಿಂದಾಗಿ ಬಟ್ಟೆಗೂ ಕಂಟ್ರೋಲು ಬಂದಿದ್ದ ಕಾಲ. ಹುಡುಗನ ಅಪ್ಪ ಕರಿಸಿದ್ದಯ್ಯ ಆ ಬಟ್ಟೆಗಾಗಿ ಬೆಸಗರಹಳ್ಳಿಯಿಂದ ಮಂಡ್ಯಕ್ಕೆ ಎಷ್ಟು ಸಲ ಅಲೆದಿದ್ದನೋ!

“ನಾಳೀಕೆ ಧಾರೆ ಕಣ್ ಸಾಬ್ರೇ! ನನ್ ಮಗ ಏನ್ ಓಳಿ ಆಡಕ್ ಓಯ್ತಾವ್ನಾ?” ಎಂದು ಅವನು ಕೂಗಾಡಿದ.

ರಂಜಾನಿಗೆಂದು ಎತ್ತಿಟ್ಟಿದ್ದ ತನ್ನ ಬಟ್ಟೆಯಲ್ಲೇ ಬೇರೆ ಅಂಗಿ ಹೊಲಿದುಕೊಡುತ್ತೇನೆಂದು ಅವನನ್ನು ಸಾಗಹಾಕಿ, ಅಫ್ಸರ್ ಪಾಷಾ ಕೊಡಲಿ ಹುಡುಕಿದ.

ಮರದಡಿ ಕೂತು ಅದೇ ಹಣ್ಣು ಮಾರುತ್ತಿದ್ದ ಮಂಚಮ್ಮ ಹೌಹಾರಿದಳು. “ಮರ ಮುಟ್ಟೀಯ, ಜ್ವಾಕೆ!”

“ಸರ್ಕಾರಿ ಮರ ಕಣ್ಲಾ, ಜೈಲಿಗಾಕ್ತಾರೆ” ಎಂದ ಎದುರಂಗಡಿಯ ಶಿವಯ್ಯ. “ಮುನಿಸಿಪಾಲಿಟಿ ಅಧ್ಯಕ್ಷರು ಇವತ್ತು ಜುಬ್ಬದ ಅಳತೆ ಕೊಡಾಕ್ ಬತ್ತಾರಲ್ಲ, ಅವ್ರನ್ನೇ ಮರದ ಕೆಳೀಕ್ ನಿಲ್ಸು. ಒಂದ್ ಅಣ್ಣು ಬಿದ್ರೆ ಸಾಕು, ಅವ್ರೇ ಕಡುಸ್ತಾರೆ.”

ಮಧ್ಯಾಹ್ನ ಅಧ್ಯಕ್ಷರು ಕೊಕ್ಕರೆಯಂತೆ ಬೆಳ್ಳಗೆ ಬಂದರು. “ಒಳಗೆ ಕತ್ಲು ಸ್ವಾಮಿ, ಬೆಳಕಿಗೆ ಬನ್ನಿ” ಎಂದು ಅಫ್ಸರ್ ಪಾಷಾ ಅವರನ್ನು ಮರದಡಿ ನಿಲ್ಲಿಸಿದ. ಎದೆ ಅಳೆದ, ತೋಳು ಅಳೆದ, ಮತ್ತೆ ಎದೆ ಅಳೆದ. ಒಂದು ಹಣ್ಣೂ ಬೀಳಲಿಲ್ಲ. ಕೊನೆಗೆ ಟೇಪು ತಲೆಯ ಬಳಿ ಬಂದಾಗ, “ಜುಬ್ಬಕ್ಕೆ ಕಿವಿ ಅಳತೆ ಯಾಕಯ್ಯಾ?” ಎಂದರು ಅಧ್ಯಕ್ಷರು.

ತಾಳ್ಮೆಗೆಟ್ಟ ಶಿವಯ್ಯ ಮರದ ಹಿಂದಿನಿಂದ ದೋಟಿ ಹಾಕಿ ಕೊಂಬೆ ಅಲ್ಲಾಡಿಸಿಯೇಬಿಟ್ಟ. ಹಣ್ಣಿನ ಮಳೆ! ಕೊಕ್ಕರೆಯಂತಿದ್ದ ಅಧ್ಯಕ್ಷರು ಮೈತುಂಬ ಚುಕ್ಕೆಯ ಚಿರತೆಯಾದರು.

“ಇದು ಬೀದಿಗೆ ಲಾಯಕ್ಕಾದ ಮರವೇ ಅಲ್ಲ! ಮೇಸ್ತ್ರಿನ ಕರೀರಿ!”

ಅಫ್ಸರ್ ಪಾಷಾನ ಮುಖ ಅರಳಿತು. ಮುನಿಸಿಪಾಲಿಟಿಯ ಮೇಸ್ತ್ರಿ ಬಂದ. ಮರ ಬೀದಿಗೆಷ್ಟು ಚಾಚಿದೆಯೆಂದು ನೋಡಲು ದರ್ಜಿಯ ಟೇಪನ್ನೇ ಇಸಕೊಂಡು ಅತ್ತಿಂದಿತ್ತ ಅಳೆದು, ಅಧ್ಯಕ್ಷರ ಕಿವಿಯಲ್ಲಿ ಏನೋ ಉಸುರಿದ.

“ಮರ ಬೀದಿ ಅಂಚಿನಲ್ಲೇ ಇದೆಯಂತೆ. ಬೀದಿಗೆ ಬಂದಿರೋದು ನಿನ್ನ ಜಗಲಿ ಕಣಯ್ಯ” ಎಂದರು ಅಧ್ಯಕ್ಷರು.

“ಅಂಗಾರೆ ಮರ, ಸ್ವಾಮಿ?”

“ಮರ ಕಡಿಯೋಕೆ ಮೈಸೂರಿಂದ ಅಪ್ಪಣೆ ಬರಬೇಕು. ಜಗಲಿ ಒಡೆಯೋಕೆ ನಾನು ಸಾಕು.”

ಸಂಜೆಯೊಳಗೆ ಜಗಲಿ ಮಣ್ಣಾಯಿತು. ಉಳಿದದ್ದು ಪೆಟ್ಟಿಗೆಯಂಥ ಕೋಣೆ; ಅದರಲ್ಲಿ ಹೊಲಿಗೆ ಮೆಷೀನು ಹಿಡಿಸದು. ಮದುವಣಿಗನ ಅಂಗಿಯೋ ಬೆಳಗಾಗುವುದರೊಳಗೆ ಆಗಬೇಕು. ಬೇರೆ ದಾರಿ ಕಾಣದೆ ಅಫ್ಸರ್ ಪಾಷಾ ಮೆಷೀನನ್ನು ಎತ್ತಿಕೊಂಡು ಬಂದು ಮರದ ಬುಡದಲ್ಲಿಟ್ಟ.

ಮಂಚಮ್ಮ ತಲೆಯೆತ್ತಿ ನೋಡಿದಳು. “ಒಸಿ ಅತ್ಲಾಗ್ ಸರ್ಕೊ ಸಾಬಣ್ಣ” ಎಂದಳು. “ಇದು ನನ್ನಂಗಡಿ.”