ಓದಲು ಬಾರದ ಆಟದ ಮಹಾರಾಜರು

"ಆಟ ಆಡೋಕೆ ಕೈ ಬೇಕು, ಅಕ್ಷರ ಯಾಕೆ?" ಎಂದು ಹಲ್ಲಿನ ಡಾಕ್ಟರು ಹೆಂಡತಿಯ ಮುಂದೆ ಘೋಷಿಸಿದಾಗ ಅವರ ಕೈಯಲ್ಲಿ ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ ಒಂದಿತ್ತು. ಅದು ಹುಟ್ಟಿದ ದೇಶದಲ್ಲಿ ಮಾತ್ರ ಮಾರಾಟವಾಗಿ, ಅಲ್ಲೇ ಮುದಿಯಾಗಿ, ಯಾರದೋ ಅಟ್ಟದಿಂದಿಳಿದು ಸಮುದ್ರ ದಾಟಿ ಬಂದದ್ದು. ಡಬ್ಬಿಯ ಮೇಲೆ ಎತ್ತರದ ಕಟ್ಟೆಯ ಹಿಂದೆ ಗಂಡಸೊಬ್ಬ ನಿಂತಿದ್ದ. ಮುಂದೆ ಜನ ಸಾಲುಗಟ್ಟಿದ್ದರು. ಮಹಾರಾಜ, ಪ್ರಜೆಗಳು, ಸಾಮ್ರಾಜ್ಯ ಕಟ್ಟುವ ಆಟ ಎಂದು ಡಾಕ್ಟರು ನೋಡಿದ ಕೂಡಲೇ ರೋಗನಿರ್ಣಯ ಮಾಡಿಬಿಟ್ಟರು.

ಕ್ಯಾಸೆಟ್ ಮಾತ್ರ ಮನೆಯ ಆಟದ ಯಂತ್ರದೊಳಗೆ ಇಳಿಯಲೊಲ್ಲದು. ಪರದೇಶದ ಕ್ಯಾಸೆಟ್ ತೂರದಿರಲೆಂದೇ ಯಂತ್ರದ ಬಾಯಲ್ಲಿ ಎರಡು ಪ್ಲಾಸ್ಟಿಕ್ ಹಲ್ಲುಗಳಿದ್ದವು. ಯಂತ್ರವೋ ಹೆಂಡತಿ ತವರಿನಿಂದ ತಂದದ್ದು. ಆಕೆಯೂ ಆಕೆಯ ಅಕ್ಕನೂ ಚಿಕ್ಕಂದಿನಲ್ಲಿ ಕಾರಿನ ಪಂದ್ಯ ಆಡಿ, ಜಡೆ ಜಗ್ಗಾಡಿ ಬೆಳೆದದ್ದು ಅದರ ಮುಂದೆಯೇ. ಭಾನುವಾರ ಅಕ್ಕ ಬರುವವರಿದ್ದರು. ಪಂದ್ಯ ಮತ್ತೆ ನಡೆಯಬೇಕಿತ್ತು.

"ರೀ, ಅದನ್ನ ಮುಟ್ಟಬೇಡಿ."

"ಬುದ್ಧಿಹಲ್ಲನ್ನೇ ನೋವಿಲ್ಲದೆ ಕೀಳೋನು ನಾನು."

"ನೋವಿಲ್ಲ ಅಂತ ಹೇಳಿದ್ದು ನೀವಾ, ಹಲ್ಲು ಕಳಕೊಂಡವರಾ?"

ಮರುದಿನ ಯಂತ್ರ ಗುಟ್ಟಾಗಿ ಚೀಲ ಸೇರಿ ಕ್ಲಿನಿಕ್ಕಿಗೆ ಹೋಯಿತು. ಡಾಕ್ಟರು ಅದನ್ನು ರೋಗಿಯ ಕುರ್ಚಿಯಲ್ಲಿ ಮಲಗಿಸಿ, ದೀಪ ಬಗ್ಗಿಸಿ, ಡ್ರಿಲ್ ಹಿಡಿದರು. ಕೆನ್ನೆ ಊದಿಸಿಕೊಂಡ ರೋಗಿಯೊಬ್ಬ ಬಾಗಿಲಲ್ಲಿ ಇಣುಕಿ, ತನ್ನ ಸರದಿ ಇದಕ್ಕಿಂತ ಮುಂಚೆಯೋ ಆಮೇಲೆಯೋ ಎಂದು ವಿನಯದಿಂದ ವಿಚಾರಿಸಿದ. ಹಲ್ಲೆರಡೂ ಬಂದವು. ಉತ್ಸಾಹದ ಭರದಲ್ಲಿ ಅಕ್ಕಪಕ್ಕದ ಒಂದಿಷ್ಟು ವಸಡೂ ಬಂತು!

ಯಂತ್ರ ಮನೆಗೆ ಮರಳಿತು, ಆಟ ಓಡಿತು. ಕ್ಯಾಸೆಟ್ ಹೇಗೆ ಕೂತಿತೆಂದು ಹೆಂಡತಿ ಕೇಳಿದರೆ, ಎಲ್ಲ ಕೈಚಳಕ ಎಂದರು ಡಾಕ್ಟರು. ಪ್ರಜೆಯೊಬ್ಬರು ಕಟ್ಟೆಯ ಮುಂದೆ ಬಂದು ಏನೋ ಹೇಳುವರು. ಕೆಳಗೆ ಅರ್ಥವಾಗದ ಎರಡು ಸಾಲು ಮೂಡುವುದು. ಡಾಕ್ಟರು ಸದಾ ಮೇಲಿನ ಸಾಲನ್ನೇ ಒತ್ತುವರು. ಗಂಟೆ ಬಾರಿಸುವುದು, ಯಾರೋ ಯಾರಿಗೋ ನಡು ಬಗ್ಗಿಸುವರು, ಅಂಕ ಏರುವುದು. ತಮ್ಮ ತೀರ್ಪಿಗೆ ನಾಡೇ ತಲೆಬಾಗುತ್ತಿದೆ ಎಂದು ವಾರವಿಡೀ ರೋಗಿಗಳಿಗೆ ಹೇಳಿದರು. ಬಾಯಿ ತುಂಬ ಹತ್ತಿ ಇದ್ದುದರಿಂದ ಯಾರೂ ಎದುರಾಡಲಿಲ್ಲ.

ಭಾನುವಾರ ಅಕ್ಕ ಬಂದರು. ಆ ಆಟ ಹುಟ್ಟಿದ ದೇಶದ ಹೊಲಿಗೆ ಯಂತ್ರಗಳ ಕೈಪಿಡಿಗಳನ್ನು ಅನುವಾದಿಸುವುದು ಅವರ ಕಸುಬು. ಕಾರಿನ ಕ್ಯಾಸೆಟ್ ಹಾಕಿದರೆ ಅಗಲವಾದ ಬಾಯಲ್ಲಿ ಅದು ಲೊಡಲೊಡ ಅಲ್ಲಾಡಿತು. ಟಿವಿ ಬರೀ ನೀಲಿ. ಹೆಂಡತಿ ಕ್ಯಾಸೆಟ್ಟಿಗೆ ಉಫ್ ಎಂದು ಊದಿದರು, ಒರೆಸಿದರು, ಮತ್ತೆ ಹಾಕಿದರು. ಡಾಕ್ಟರು ಹವೆಯ ತೇವದ ಮೇಲೆ ತಪ್ಪು ಹೊರಿಸಿದರು. ಆಕೆ ಟಾರ್ಚ್ ಬಿಟ್ಟು ಒಳಗೆ ನೋಡಿದರು.

"ಇಲ್ಲಿದ್ದ ಹಲ್ಲೆಲ್ಲಿ?"

ಡಾಕ್ಟರು ಟಿವಿಯ ತಂತಿ ಅಲ್ಲಾಡಿಸತೊಡಗಿದರು. ಮನೆ ಬಿಸಿಯಾಗುವ ಮೊದಲೇ ಅಕ್ಕ, ಅದಿರಲಿ, ತಂಗಿ ಫೋನಿನಲ್ಲಿ ಹೇಳಿದ ನಿಮ್ಮ ಸಾಮ್ರಾಜ್ಯವನ್ನಾದರೂ ತೋರಿಸಿ ಎಂದರು. ಆ ಕ್ಯಾಸೆಟ್ ಗಪ್ಪನೆ ಕೂತಿತು. ಅಕ್ಕ ಒಂದೆರಡು ಸಾಲು ಓದಿ, ನಗು ತಡೆಯಲಾರದೆ ಚಹದ ಲೋಟ ಕೆಳಗಿಟ್ಟರು.

"ಇದು ಅರಮನೆ ಅಲ್ಲ, ದೊಡ್ಡ ಅಂಗಡಿ. ನೀವು ದೂರು ಕೇಳೋ ಗುಮಾಸ್ತ. ಈಯಮ್ಮ ಕೊಂಡ ಇಸ್ತ್ರಿಪೆಟ್ಟಿಗೆ ಕೆಟ್ಟುಹೋಯ್ತಂತೆ."

"ಇವರು ಒತ್ತೋ ಮೇಲಿನ ಸಾಲು?" ಎಂದರು ಹೆಂಡತಿ.

"'ತಪ್ಪೆಲ್ಲ ನನ್ನದೇ, ಕ್ಷಮಿಸಿ.'"

ವಾರವಿಡೀ ನಡು ಬಗ್ಗಿಸಿದ್ದು ಪ್ರಜೆಗಳಲ್ಲ, ಮಹಾರಾಜರೇ!

"ಊರಿಗೆಲ್ಲ ಕ್ಷಮಿಸಿ ಅಂತ ಹೇಳಿದ್ದೀರಿ. ನನಗೆ ಮಾತ್ರ ಮದುವೆಯಾದಾಗಿನಿಂದ ಒಂದು ಸಲಾನೂ ಹೇಳಿಲ್ಲ," ಎಂದರು ಹೆಂಡತಿ. ದನಿ ಏರಲಿಲ್ಲ. ಮಡಿಲಲ್ಲಿದ್ದ ಕಾರಿನ ಕ್ಯಾಸೆಟ್ಟನ್ನು ಸುಮ್ಮನೆ ಒರೆಸುತ್ತಿದ್ದರು. ಅದನ್ನು ನೋಡಿ ಡಾಕ್ಟರು ಆಟದ ರಿಮೋಟನ್ನು ಕೆಳಗಿಟ್ಟರು.

"ತಪ್ಪೆಲ್ಲ ನನ್ನದೇ. ಕ್ಷಮಿಸು," ಎಂದರು, ಯಾವ ಗುಂಡಿಯನ್ನೂ ಒತ್ತದೆ.

ಹೆಂಡತಿ ಟಿವಿಯತ್ತ ತಿರುಗಿದರು. "ಅಕ್ಕ, ಕೆಳಗಿನ ಸಾಲಲ್ಲಿ ಏನಿದೆ?"

"'ಕೆಟ್ಟಿದ್ದನ್ನ ವಾಪಸ್ ಕೊಡಿ, ಬೇರೆ ಕೊಡ್ತೀವಿ.'"

"ಹಾಗಾದ್ರೆ ಅದನ್ನೂ ಒತ್ತಿ," ಎಂದರು ಹೆಂಡತಿ ಗಂಡನಿಗೆ. "ಸದ್ಯಕ್ಕೆ ಯಂತ್ರ ಒಂದನ್ನ ಮಾತ್ರ ಬದಲಾಯಿಸ್ತೀನಿ."