ಹೊಗೆ ಬಿಡದ ವಿಮಾನ

ಯೋಚಿಸಿ ಆಡಿದ ಮಾತಿಗಿಂತ ಬಾಯಿತಪ್ಪಿ ಆಡಿದ ಮಾತನ್ನು ಉಳಿಸಿಕೊಳ್ಳಲು ಮನುಷ್ಯ ಹೆಚ್ಚು ಪಾಡು ಪಡುತ್ತಾನೆ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಮಸ್ಕಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಒಂದು ದಿನ ಸಿಂಧನೂರಿನ ಬಸ್ಸು ನನ್ನ ಬಿಳಿ ಅಂಗಿಗೆ ಹೊಗೆ ಉಗುಳಿ ಹೋಯಿತು. ಆ ಸಿಟ್ಟಿನಲ್ಲೇ ತರಗತಿಗೆ ಹೋಗಿ, ವಿಮಾನಗಳೂ ಹೀಗೇ ಹೊಗೆ ಬಿಡುತ್ತವೆ, ಮುಂದೊಂದು ದಿನ ಅವು ಕರೆಂಟಿನಿಂದಲೋ ಜಲಜನಕದಿಂದಲೋ ಹಾರಲೇಬೇಕು ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಲಿಂಗಸುಗೂರಿನ ವಿಜ್ಞಾನ ಮೇಳದಲ್ಲಿ ಅಂಥದ್ದೊಂದನ್ನು ನಾವೇ ಹಾರಿಸಿ ತೋರಿಸೋಣ ಎಂದೂ ಅಂದುಬಿಟ್ಟೆ. ಪ್ರಯೋಗಾಲಯದ ಕೋಣೆಯನ್ನು ಆಟದ ಸಾಮಾನಿಗೆ ಕೊಡಲು ಕಾಯುತ್ತಿದ್ದ ಹೆಡ್‌ಮಾಸ್ಟರು, ಹಾರಿದರೆ ಕೋಣೆ ನಿಮ್ಮದು, ಇಲ್ಲವಾದರೆ ಚೆಂಡುಗಳದ್ದು ಎಂದರು.

ಜೋಳದ ದಂಟಿನ ಬೆಂಡಿನಿಂದ ವಿಮಾನದ ಮೈ ಕಟ್ಟಿದೆ. ಕೆಟ್ಟ ಟೇಪ್‌ರೆಕಾರ್ಡರಿನ ಮೋಟರು ಕೂಡಿಸಿದೆ. ಒಂದು ಸೆಲ್ಲಿಗೆ ಪಂಕಾ ನಿದ್ದೆಗಣ್ಣಿನಲ್ಲಿ ತಿರುಗಿತು. ಮೂರು ಹಾಕಿದರೆ ಜೋರಾಗಿ ತಿರುಗಿತು, ಆದರೆ ಸೆಲ್ಲುಗಳ ಭಾರಕ್ಕೆ ವಿಮಾನ ನೆಲ ಬಿಡಲಿಲ್ಲ. ನನ್ನ ಹೆಂಡತಿ ಶರಣಮ್ಮ ರೊಟ್ಟಿ ಬಡಿಯುತ್ತಲೇ ನೋಡಿ, “ಬುತ್ತಿ ಹೊರೂದ್ರಾಗ ದಣಿಯಾಕತ್ತೈತ್ರೀ ಅದು, ಇನ್ನ ಹಾರೂದು ಯಾವಾಗ?” ಎಂದಳು. ಕರೆಂಟಿನ ವಿಮಾನದ ಇಡೀ ಸಂಕಟವನ್ನು ನನ್ನ ಪುಸ್ತಕಗಳು ಇಷ್ಟು ಸರಳವಾಗಿ ಹೇಳಿರಲಿಲ್ಲ. ನಾನು ಬಿಡಲಿಲ್ಲ. ಹದಿನೈದು ದಿನ ಬೆಂಡು ಕೆತ್ತಿದೆ, ತಂತಿ ಕತ್ತರಿಸಿದೆ, ಹೆಚ್ಚಾದ ಅಂಟನ್ನೂ ಉಗುರಿನಿಂದ ಕೆರೆದೆ. ಕೊನೆಗೊಂದು ಸಂಜೆ ಅದು ಎರಡು ಸೆಲ್ಲು ಹೊತ್ತು, ದಾರದ ತುದಿಯಲ್ಲಿ ನಡುಮನೆಯ ಕಂಬದ ಸುತ್ತ ಮೊಣಕಾಲೆತ್ತರ ಹಾರಿತು. ನನಗೆ ಅಳುವೇ ಬಂತು.

ಮೇಳದಲ್ಲೂ ಒಂದು ಕಂಬಕ್ಕೆ ದಾರ ಕಟ್ಟಿ ಬಿಟ್ಟೆ; ಪರೀಕ್ಷಕರ ಮುಂದೆ ಅದೇ ವಿಮಾನ ನೆಲದ ಮೇಲೆ ತೆವಳಿತೇ ಹೊರತು ಏಳಲಿಲ್ಲ. ಹೆಡ್‌ಮಾಸ್ಟರು ನೆಮ್ಮದಿಯಿಂದ ಕನ್ನಡಕ ಒರೆಸಿಕೊಂಡರು. ಆಗ ನನ್ನ ವಿದ್ಯಾರ್ಥಿನಿ ಬಸಮ್ಮ ಹತ್ತಿರ ಬಂದು, “ಸರ್, ಹೊಟ್ಟಿ ಕೆಳಗ ನಿಂಬಿಹಣ್ಣು ಜೋತೈತ್ರಿ” ಎಂದು ಮೆಲ್ಲಗೆ ಹೇಳಿದಳು. ಶರಣಮ್ಮನನ್ನು ಬಯ್ಯುವ ಅವಕಾಶವೂ ನನಗಿರಲಿಲ್ಲ. ಬೆಳಿಗ್ಗೆ ಹೊರಡುವಾಗ, ದೃಷ್ಟಿಯಾಗದಿರಲಿ ಎಂದು ಲಾರಿಯವರಂತೆ ಅದನ್ನು ಕಟ್ಟಿ ಮರೆತವನು ವಿಜ್ಞಾನದ ಮಾಸ್ತರನಾದ ನಾನೇ. ಬಿಚ್ಚಿದೆ. ವಿಮಾನ ಎದ್ದು ಕಂಬಕ್ಕೆ ಐದು ಸುತ್ತು ಹಾಕಿತು. ಕೋಣೆ ಉಳಿಯಿತು.

ನಿಂಬೆಹಣ್ಣು ಯಾಕೆ ಎಂದು ಪರೀಕ್ಷಕರು ಕೇಳಿದಾಗ, ಭಾರ ಹೆಚ್ಚಾದರೆ ಏನಾಗುತ್ತದೆಂದು ತೋರಿಸಲು ಎಂದು ಕಣ್ಣು ಪಿಳುಕಿಸದೆ ಹೇಳಿದೆ. ಅವರು ತಲೆದೂಗಿದರು. ನನ್ನ ವಿದ್ಯಾರ್ಥಿಗಳು ಒಬ್ಬರೂ ನಗದೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಮರುವರ್ಷ ನಮ್ಮ ಶಾಲೆಯಿಂದ ಮೇಳಕ್ಕೆ ಹೊರಟ ಕಾಲುವೆ, ಬಿಸಿಲಿನ ಒಲೆ, ಮನುಷ್ಯನ ಹೃದಯ, ಎಲ್ಲ ಮಾದರಿಗಳಿಗೂ ಒಂದೊಂದು ನಿಂಬೆಹಣ್ಣು ಜೋತಿತ್ತು. ಇದ್ಯಾಕೆ ಎಂದು ಕೇಳಿದರೆ, “ನೀವ ಕಲಿಸೀರಲ್ರೀ ಸರ್” ಎಂದರು ವಿದ್ಯಾರ್ಥಿಗಳು. ಶಾಲೆಯಲ್ಲಿ ಆ ಮಾದರಿಗಳಿಗೆ ಅಂಕ ಕೊಡಬೇಕಾದವನೂ ನಾನೇ. ಕೊಟ್ಟೆ.