‘ಆಕಿಗೆ ಹೇಳು’

ನಮ್ಮ ಕಾಕಾ ಸಿಟ್ಟು ಮಾಡಬೇಕೆಂದರೆ ಮೂರು ಜನ ಬೇಕು. ಸಿಟ್ಟು ಮಾಡುವುದಕ್ಕೆ ಅವರು, ಮಾಡಿಸಿಕೊಳ್ಳುವುದಕ್ಕೆ ಇನ್ನೊಬ್ಬರು, ನಡುವೆ ನಿಂತು ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಸಾಗಿಸುವುದಕ್ಕೆ ಮತ್ತೊಬ್ಬರು. ಒಂದು ಇಡೀ ಬೇಸಿಗೆ ಈ ಮೂರನೆಯ ಹುದ್ದೆ ನನ್ನದಾಗಿತ್ತು. ಸಂಬಳವಿಲ್ಲ, ರಜೆಯಿಲ್ಲ, ಪಿಂಚಣಿಯ ಮಾತಂತೂ ಬೇಡವೇ ಬೇಡ.

ಸಿಟ್ಟು ಯಾರ ಮೇಲೆ? ಸ್ವಂತ ಮಗಳು ಶಾಲ್ಮಲಾಳ ಮೇಲೆ. ಮನೆಯಲ್ಲಿ ಹೇಳದೆ ಕೇಳದೆ ಮದುವೆಯಾದಳೇ? ಇಲ್ಲ. ಒಳ್ಳೆಯ ನೌಕರಿ ಬಿಟ್ಟು ಗಿಟಾರ್ ಬಾರಿಸಲು ಹೊರಟಳೇ? ಅದೂ ಅಲ್ಲ. ಹಾಗಾಗಿದ್ದರೆ ಕಾಕಾ ಒಂದು ವಾರ ಉಪ್ಪಿಟ್ಟು ಬಿಟ್ಟು ಸರಿಹೋಗುತ್ತಿದ್ದರು. ಅವಳು ತಂಡ ಬದಲಾಯಿಸಿದಳು. ಅದೂ ಬೇಸ್‌ಬಾಲ್ ತಂಡ!

ಲಂಡನ್ನಿನಲ್ಲಿ ಬೇಸ್‌ಬಾಲ್ ಆಡುತ್ತಾರೆಯೇ ಎಂದು ನೀವು ಕೇಳಬಹುದು. ಲಂಡನ್ನಿನವರೇ ಕೇಳುತ್ತಾರೆ. ಆದರೆ ಆಡುತ್ತಾರೆ. ಗ್ರೀನ್‌ಫರ್ಡ್‌ನ ಗೋದಾಮುಗಳ ಹಿಂದೆ ಒಂದು ಕೌನ್ಸಿಲ್ ಮೈದಾನವಿದೆ. ಅಲ್ಲಿ ಪ್ಲಂಬರು, ಮೇಷ್ಟ್ರು, ಲಾರಿ ಡ್ರೈವರು ಎಲ್ಲ ಸೇರಿ ಬಿಗಿ ಪ್ಯಾಂಟು ಹಾಕಿಕೊಂಡು ಭಾನುವಾರ ಆಡುತ್ತಾರೆ. ಶಾಲ್ಮಲಾ ಆ ತಂಡದಲ್ಲಿ ಆರು ವರ್ಷ ಆಡಿದಳು. ಆಮೇಲೆ ಅಕ್ಸ್‌ಬ್ರಿಡ್ಜ್‌ನಲ್ಲಿ ನೌಕರಿ ಸಿಕ್ಕಿತು, ಅಲ್ಲೇ ಫ್ಲ್ಯಾಟ್ ಮಾಡಿದಳು, ಅಲ್ಲಿನ ತಂಡ ಸೇರಿದಳು. ಎಲ್ಲ ಬಿಟ್ಟು ಅಕ್ಸ್‌ಬ್ರಿಡ್ಜ್! ನಮ್ಮದೇ ಡಿವಿಷನ್ನಿನ ಎದುರಾಳಿ.

“ಮನಿ ಬದಲಿ ಮಾಡ್ಲಿ, ನೌಕರಿ ಬದಲಿ ಮಾಡ್ಲಿ, ಬೇಕಾದ್ರ ಹೆಸರು ಬದಲಿ ಮಾಡ್ಲಿ. ಟೀಮ್ ಬದಲಿ ಮಾಡೋದಂದ್ರ ಏನು? ಆಕಿಗೆ ಹೇಳು, ನಾ ಕೇಳೀನಿ ಅಂತ,” ಎಂದರು ಕಾಕಾ ನನ್ನ ಮುಖ ನೋಡಿ. ಶಾಲ್ಮಲಾ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದಳು. ಅಂದಿನಿಂದ ಅವರು ಮಗಳೊಂದಿಗೆ ನೇರವಾಗಿ ಒಂದು ಮಾತೂ ಆಡಲಿಲ್ಲ.

ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನೆಮ್ಮದಿಯಾಗಿದ್ದ ನಾನು ಹೀಗೆ ಕಾಕಾನ ಅಣ್ಣನ ಮಗನಾದ ತಪ್ಪಿಗೆ ಈ ಕೆಲಸಕ್ಕೆ ನೇಮಕಗೊಂಡೆ. ಒಂದು ದಿನ ಕಾಕಾನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಬದನೆಕಾಯಿ ಪಲ್ಯದ ಬೋಗುಣಿ ಶಾಲ್ಮಲಾಳ ಕೈಹತ್ತಿರವೇ ಇತ್ತು.

“ಪಲ್ಯಾ ಈ ಕಡೆ ಸರಸು ಅಂತ ಆಕಿಗೆ ಹೇಳು,” ಎಂದರು ಕಾಕಾ.

“ಟೆಲ್ ಹಿಮ್ ಐ ಕ್ಯಾನ್ ಹಿಯರ್ ಹಿಮ್,” ಎಂದಳು ಶಾಲ್ಮಲಾ ನನಗೆ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

“ಕಾಕಾ, ಆಕಿಗೆ ಕೇಳಸ್ತದಂತ.”

“ಕೇಳಸ್ತದಂದ್ರ ಪಲ್ಯಾ ಎಲ್ಲದ ಅಂತ ಕೇಳು.”

ಕಾಕಾನ ಹೆಂಡತಿ, ನಮ್ಮ ಕಾಕು, ಎದ್ದರು. ಬೋಗುಣಿ ಎತ್ತಿಕೊಂಡು ಅಡಿಗೆಮನೆಗೆ ನಡೆದರು. “ಮಾತು ಬಂದವ್ರಿಗೆ ಪಲ್ಯಾ,” ಎಂದರು ಒಳಗಿನಿಂದ. ಅಪ್ಪ ಮಗಳ ಜಗಳದಲ್ಲಿ ಆ ದಿನ ಪಲ್ಯ ಕಳೆದುಕೊಂಡವನು ನಾನು. ಅವರಿಬ್ಬರಿಗೂ ಹಟದಲ್ಲೇ ಹೊಟ್ಟೆ ತುಂಬಿತ್ತು.

ಇಷ್ಟಕ್ಕೂ ಕಾಕಾನನ್ನು ಈ ಆಟಕ್ಕೆ ತಂದವಳೇ ಶಾಲ್ಮಲಾ. ಧಾರವಾಡದಲ್ಲಿ ಕಾಲೇಜು ದಿನಗಳಿಂದ ಕಾಕಾ ಕ್ರಿಕೆಟ್ ಸ್ಕೋರರ್. ಲಂಡನ್ನಿಗೆ ಬಂದು ಗೋದಾಮಿನಲ್ಲಿ ಸರಕು ಎಣಿಸುವ ಕೆಲಸ ಮಾಡುತ್ತಲೇ ಇಲ್ಲಿನ ಒಂದು ಕ್ರಿಕೆಟ್ ಕ್ಲಬ್ಬಿಗೂ ಸ್ಕೋರ್ ಬರೆದರು. ಕಡೆಗೆ ಆ ಕ್ಲಬ್ಬಿನವರು ಸ್ಕೋರನ್ನೆಲ್ಲ ಮೊಬೈಲಿಗೆ ಹಾಕಿದರು. ಪೆನ್ಸಿಲ್ ಇಲ್ಲದ ಸ್ಕೋರು ಉಪ್ಪಿಲ್ಲದ ಉಪ್ಪಿನಕಾಯಿ ಎಂದು ಕಾಕಾ ರಾಜೀನಾಮೆ ಕೊಟ್ಟು ಮನೆಯಲ್ಲಿ ಕೂತರು. ಕೂತವರು ಕಾಕುವಿನ ಅಡಿಗೆಯಲ್ಲಿ ತಪ್ಪು ಎಣಿಸತೊಡಗಿದರು. ಇದು ಒಳ್ಳೆಯದಕ್ಕಲ್ಲ ಎಂದು ಶಾಲ್ಮಲಾ ಅವರನ್ನು ತನ್ನ ಆಟಕ್ಕೆ ಎಳೆದೊಯ್ದಳು.

ಮೊದಲ ವಾರ ಕಾಕಾ ಕೇಳಿದ್ದು ಒಂದೇ ಪ್ರಶ್ನೆ: “ಇದು ಲಗೋರಿನೋ, ಚಿಣ್ಣಿದಾಂಡೋ?” ಎರಡನೆಯ ವಾರ ನಿಯಮದ ಪುಸ್ತಕ ತರಿಸಿದರು. ಮೂರನೆಯ ವಾರ ಸ್ಕೋರರನ ಮಡಚುವ ಕುರ್ಚಿಯ ಮೇಲೆ ಕೂತರು. ಕೆಳಗೆ ಮನೆಯಿಂದ ತಂದ ದಿಂಬು, ಮೇಲೆ ಕೊಡೆ, ಕಿಸೆಯಲ್ಲಿ ನಾಲ್ಕು ಪೆನ್ಸಿಲು. ರಬ್ಬರ್ ಮಾತ್ರ ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ, “ಆಡೋರಿಗೆ ರಬ್ಬರ್ ಅದ ಏನು? ಮತ್ತ ಬರಿಯೋರಿಗ್ಯಾಕ?” ಎಂದರು.

ಬೇಸ್‌ಬಾಲ್ ಸ್ಕೋರರನ ಕೈಯಲ್ಲಿ ಒಂದು ದೊಡ್ಡ ಅಧಿಕಾರವಿದೆ. ಪುಸ್ತಕದಲ್ಲಿ ಆಟಗಾರನ ಪ್ರತಿ ಸರದಿಗೂ ಒಂದು ಪುಟ್ಟ ಚೌಕ. ಹೊಡೆದವನು ಓಡಿದ ಎಂದಿಟ್ಟುಕೊಳ್ಳಿ. ಅದು ಅವನ ಹೊಡೆತದ ಹೆಚ್ಚುಗಾರಿಕೆಯೋ, ಚೆಂಡು ಹಿಡಿಯಬೇಕಾದವನ ಕೈತಪ್ಪೋ? ಹಿಟ್ ಎಂದು ಬರೆದರೆ ಹೊಡೆದವನಿಗೆ ಕೀರ್ತಿ, ಕೈತಪ್ಪು ಎಂದು ಬರೆದರೆ ಏನೂ ಇಲ್ಲ. ತೀರ್ಮಾನ ಸ್ಕೋರರನದು. ಒಬ್ಬ ಆಟಗಾರ ಬಿಸಿ ಚಹಾ ತಂದುಕೊಟ್ಟು, ತನ್ನ ಚೌಕವನ್ನು ಇನ್ನೊಮ್ಮೆ ನೋಡಬಹುದೇ ಎಂದು ವಿನಯದಿಂದ ಕೇಳಿದ. ಕಾಕಾ ಚಹಾ ಕುಡಿದರು. ಕೈತಪ್ಪು ಹಾಗೇ ಉಳಿಯಿತು. “ಆಡೋರನ್ನ ಕೇಳಿ ಬರಿಯೋನು ಸ್ಕೋರರ್ ಅಲ್ಲ, ತಮ್ಮಾ,” ಎಂದು ನನಗೆ ಉಪದೇಶವೂ ಆಯಿತು. ಮಗಳಿಗಾದರೂ ರಿಯಾಯಿತಿ ಇತ್ತೇ? ಆರು ವರ್ಷದಲ್ಲಿ ಅವಳ ಎಷ್ಟೋ ಒಳ್ಳೆಯ ಹೊಡೆತಗಳನ್ನು ಬೇರೆಯವರ ಕೈತಪ್ಪಿಗೆ ಜಮಾ ಮಾಡಿದ ಮಹಾನುಭಾವರು ಅವರು. ಅವಳು ತಂಡ ಬಿಟ್ಟದ್ದು ಇದಕ್ಕೇ ಇರಬಹುದು ಎಂದು ನನಗೊಂದು ಅನುಮಾನ. ಅದನ್ನು ನಾನು ಯಾರಿಗೂ ಸಾಗಿಸಲಿಲ್ಲ.

ಆಗಸ್ಟ್ ಕೊನೆಯ ಸೋಮವಾರ ಇಲ್ಲಿ ಬ್ಯಾಂಕ್ ಹಾಲಿಡೇ, ಅಂದರೆ ಊರಿಗೆಲ್ಲ ರಜೆ; ಆ ರಜೆಗೆ ಮಳೆ ತಪ್ಪುವುದಿಲ್ಲ ಎಂಬುದು ಇಲ್ಲಿಯವರ ನಂಬಿಕೆ. ಆ ದಿನ ನಮ್ಮ ಮೈದಾನದಲ್ಲಿ ಗ್ರೀನ್‌ಫರ್ಡ್ ವಿರುದ್ಧ ಅಕ್ಸ್‌ಬ್ರಿಡ್ಜ್. ಡಿವಿಷನ್ನಿನ ತಳದಲ್ಲಿ ಇಬ್ಬರೂ ಜೊತೆಯಾಗಿ ಕೂತಿದ್ದರು. ಸೋತವರು ಕೆಳಗಿನ ಡಿವಿಷನ್ನಿಗೆ.

ತಂಡದ ಸಾಮಾನಿನ ಚೀಲ ಇರುವುದು ಕಾಕಾನ ಗ್ಯಾರೇಜಿನಲ್ಲಿ. ಭಾನುವಾರ ಸಂಜೆ ನಾನು ಹೋದಾಗ ಬ್ಯಾಟುಗಳೆಲ್ಲ ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಕುಂಕುಮ, ಅಕ್ಷತೆ, ಒಂದೊಂದು ಸೇವಂತಿಗೆ. ಊದುಬತ್ತಿಯ ಹೊಗೆ.

“ಕಾಕಾ, ಖಂಡೇನವಮಿಗೆ ಇನ್ನೂ ಭಾಳ ದಿನ ಅದ, ಈಗ್ಯಾಕ ಆಯುಧಪೂಜಾ?” ಎಂದೆ.

“ಅಷ್ಟೊತ್ತಿಗೆ ಇವ್ರ ಸೀಸನ್ ಮುಗದಿರ್ತದ. ಲಗ್ನ ಆದಮ್ಯಾಲ ಜಾತಕ ನೋಡ್ತಾರೇನು?”

ಮರುದಿನ ಬೆಳಿಗ್ಗೆ ನಮ್ಮ ತಂಡದ ಕ್ಯಾಪ್ಟನ್ ಬ್ಯಾಟುಗಳನ್ನು ಕಂಡು ಬೆಪ್ಪಾದ, ಆಮೇಲೆ ಮರ್ಯಾದೆಯಿಂದ ಒರೆಸಿ ಇಟ್ಟ. ಅಲ್ಲಿಗೆ ಪೂಜೆಯ ಪ್ರಕರಣ ಮುಗಿಯಿತು ಎಂದು ನಾನು ತಿಳಿದೆ. ಚೆಂಡುಗಳ ಡಬ್ಬಿಯ ವಿಷಯ ನನಗೆ ಗೊತ್ತಿರಲಿಲ್ಲ.

ಸೋಮವಾರದ ರಾಹುಕಾಲ ಏಳೂವರೆಗೆ ಶುರು. ಆದ್ದರಿಂದ ಹನ್ನೆರಡು ಗಂಟೆಯ ಆಟಕ್ಕೆ ಕಾಕಾ ಏಳೂಕಾಲಿಗೇ ಮನೆ ಬಿಟ್ಟಿದ್ದರು. ಮೈದಾನ ಹತ್ತು ನಿಮಿಷದ ದಾರಿ. ನಾನು ತಲುಪುವ ಹೊತ್ತಿಗೆ ಅಕ್ಸ್‌ಬ್ರಿಡ್ಜ್‌ನವರೂ ಬಂದು, ಚೀಲಗಳನ್ನು ತಮ್ಮ ಬೆಂಚಿನ ಮೇಲಿಟ್ಟು ದೂರದಲ್ಲಿ ಓಡಾಡುತ್ತಿದ್ದರು. ಕಾಕಾ ಶೌಚಾಲಯಕ್ಕೆ ಹೋಗಿ ಬರುತ್ತೇನೆಂದು ಎದ್ದು ಹೋದವರು ಇಪ್ಪತ್ತು ನಿಮಿಷ ಬರಲಿಲ್ಲ. ವಯಸ್ಸಾಯಿತು, ಡಾಕ್ಟರಿಗೆ ತೋರಿಸಬೇಕು ಎಂದುಕೊಂಡೆ. ಅಷ್ಟರಲ್ಲಿ ಕಾಕುವಿನ ಫೋನು.

“ದೇವರಮನ್ಯಾಗಿನ ಕುಂಕುಮದ ಭರಣಿ ಕಾಣವಲ್ದು. ನಿಮ್ಮ ಕಾಕಾನ ಕಿಸೆ ನೋಡು.”

ಕಾಕಾ ಮರಳಿದಾಗ ಕಿಸೆ ಉಬ್ಬಿತ್ತು. ಪೆನ್ಸಿಲ್ ಇರಬೇಕು ಎಂದುಕೊಂಡೆ. ನನ್ನ ಬುದ್ಧಿವಂತಿಕೆ ಇಷ್ಟೇ.

ಆಟ ಶುರುವಾಯಿತು. ಎರಡೂ ತಂಡಕ್ಕೆ ಏಳೇಳು ಸರದಿ. ಪ್ರತಿ ಸರದಿಯಲ್ಲೂ ಮೂವರು ಔಟಾಗುವವರೆಗೆ ಆಡಬಹುದು. ಶಾಲ್ಮಲಾ ಎರಡು ಸಲ ಬ್ಯಾಟ್ ಹಿಡಿದು ಎರಡು ಸಲವೂ ಔಟಾದಳು. ಕಾಕಾ ಮುಖದ ಮೇಲೆ ಯಾವ ಭಾವವೂ ಇಲ್ಲದೆ ಬರೆದುಕೊಂಡರು. ಆಮೇಲೆ ನನಗೆ, “ಭುಜ ಭಾಳ ಬಿಗಿ ಹಿಡಿಲಿಕ್ಕೆ ಹತ್ಯಾಳ, ಆಕಿಗೆ ಹೇಳು,” ಎಂದರು. ಹೇಳಿ ಬಂದೆ. ಅವಳು, “ಟೆಲ್ ಹಿಮ್ ಹಿ ಈಸ್ ಆನ್ ದಿ ಅದರ್ ಸೈಡ್,” ಎಂದಳು. ಹೇಳಿ ಬಂದೆ. ಈ ಓಡಾಟದಲ್ಲಿ ಆ ದಿನ ಯಾವ ಆಟಗಾರನಿಗಿಂತ ಹೆಚ್ಚು ಓಡಿದವನು ನಾನೇ.

ಅಕ್ಸ್‌ಬ್ರಿಡ್ಜ್‌ನ ಕೊನೆಯ ಸರದಿ ಬಂತು. ನಾವು ಒಂದು ರನ್ ಮುಂದೆ. ಅವರಲ್ಲಿ ಇಬ್ಬರು ಔಟ್, ಒಬ್ಬ ಓಡಲು ಸಿದ್ಧನಾಗಿ ನಿಂತಿದ್ದಾನೆ, ಬ್ಯಾಟಿಗೆ ಶಾಲ್ಮಲಾ. ಆಗ ಬ್ಯಾಂಕ್ ಹಾಲಿಡೇ ಎಂದು ನೆನಪಾಗಿ ಮಳೆ ಹನಿಯತೊಡಗಿತು. ಚೆಂಡು ಎಸೆಯಲು ಕೈ ಎತ್ತಿದ ನಮ್ಮ ಪ್ಲಂಬರು ತನ್ನ ಬೆರಳು ನೋಡಿಕೊಂಡು ಹಾಗೇ ಕುಸಿದು ಕೂತ. ಕೈ ತುಂಬ ಕೆಂಪು! ಬಿಳಿ ಪ್ಯಾಂಟಿನ ಮೇಲೂ ಕೆಂಪು!

ಅಂಪೈರ್ ಔಷಧದ ಪೆಟ್ಟಿಗೆ ತರಿಸಿದರು. ಕೈ ತೊಳೆದರೆ ಗಾಯವೇ ಇಲ್ಲ. ಚೆಂಡು ತೊಳೆದರೆ ಕೆಂಪು ಇಳಿಯುತ್ತದೆ. ಬೇಸ್‌ಬಾಲ್ ಚೆಂಡಿನ ಹೊಲಿಗೆಯೇ ಕೆಂಪು ದಾರದ್ದು. ಅದರ ಮೇಲೆ ಹಚ್ಚಿದ ಕುಂಕುಮ ಒಣಗಿದ್ದಷ್ಟು ಹೊತ್ತು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಡಬ್ಬಿ ತೆರೆದು ನೋಡಿದರೆ ಉಳಿದ ಚೆಂಡುಗಳೂ ಮುತ್ತೈದೆಯರ ಹಾಗೆ ಸಾಲಾಗಿ ಕೂತಿದ್ದವು.

ಚೆಂಡಿಗೆ ‘ಸಬ್‌ಸ್ಟನ್ಸ್’, ಅಂದರೆ ಯಾವುದೇ ಪದಾರ್ಥ, ಸವರುವುದು ಈ ಆಟದಲ್ಲಿ ಮಹಾಪರಾಧ. ಅಕ್ಸ್‌ಬ್ರಿಡ್ಜ್ ಕ್ಯಾಪ್ಟನ್ ಕೂಗಾಡಿದ: ಇದು ಮೋಸ, ಪಂದ್ಯ ನಮಗೇ ಕೊಡಿ. ಇದು ಯಾರ ಕೆಲಸ ಎಂದು ಅಂಪೈರ್ ಕೇಳಿದರು. ಕಾಕಾ ಕೊಡೆ ಹಿಡಿದೇ ಎದ್ದು ನಿಂತರು.

“ಸರ್, ದಟ್ ಈಸ್ ನಾಟ್ ಸಬ್‌ಸ್ಟನ್ಸ್. ದಟ್ ಈಸ್ ಕುಂಕುಮ.”

ಇದರಿಂದ ಚೆಂಡು ಹೆಚ್ಚು ತಿರುಗುತ್ತದೆಯೇ ಎಂದು ಅಂಪೈರ್ ವಿಚಾರಿಸಿದರು. ನಮ್ಮ ಪ್ಲಂಬರನ ಚೆಂಡು ಏನು ಹಚ್ಚಿದರೂ ತಿರುಗುವುದಿಲ್ಲ, ಆರು ವರ್ಷದ ಪುಸ್ತಕವಿದೆ, ನೋಡಬಹುದು ಎಂದರು ಕಾಕಾ. ಪ್ಲಂಬರು ತಲೆ ತಗ್ಗಿಸಿದ.

ಕ್ಯಾಪ್ಟನ್ ಮತ್ತೆ ಮೋಸ ಎಂದ. ಆಗ ಶಾಲ್ಮಲಾ ಬ್ಯಾಟು ಕೆಳಗಿಟ್ಟು ತನ್ನದೇ ಕ್ಯಾಪ್ಟನ್ನಿಗೆ ಎದುರು ನಿಂತಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು: “ಇವರು ನಮ್ಮಪ್ಪ. ಮೋಸ ಮಾಡುವವರಾಗಿದ್ದರೆ ಆರು ವರ್ಷದಲ್ಲಿ ನನಗೆ ಒಂದಾದರೂ ಹಿಟ್ ಹೆಚ್ಚಿಗೆ ಬರೆಯುತ್ತಿದ್ದರು. ಬರೆದಿಲ್ಲ. ಒಂದೂ ಬರೆದಿಲ್ಲ.”

ಕಾಕಾ ಪೆನ್ಸಿಲಿನ ತುದಿ ನೋಡುತ್ತಿದ್ದರು.

ಅಂಪೈರ್ ನ್ಯಾಯವಂತರು. ಎರಡೂ ತಂಡದ ಸಾಮಾನನ್ನು ಪರೀಕ್ಷಿಸಿಯೇ ತೀರ್ಪು ಎಂದರು. ನಮ್ಮ ಚೀಲದಲ್ಲಿ ಒಂದು ನಿಂಬೆಹಣ್ಣೂ ಸಿಕ್ಕಿತು. ಆಮೇಲೆ ಅಕ್ಸ್‌ಬ್ರಿಡ್ಜ್‌ನವರ ಬ್ಯಾಟು, ಗ್ಲೌಸು, ಎಲ್ಲ ಶುದ್ಧ. ಕ್ಯಾಪ್ಟನ್ನನ ಎದೆ ಉಬ್ಬಿತು. ಕೊನೆಗೆ ಶಾಲ್ಮಲಾ ತನ್ನ ಹೆಲ್ಮೆಟ್ ತೆಗೆದುಕೊಟ್ಟಳು. ಅಂಪೈರ್ ಅದನ್ನು ತಿರುಗಿಸಿ ಒಳಗೆ ನೋಡಿ ಹಾಗೇ ನಿಂತರು. ಒಳಗೆ, ಹಣೆ ತಾಗುವ ಜಾಗಕ್ಕೆ ತುಸು ಮೇಲೆ, ಕುಂಕುಮದ ಒಂದು ಬೊಟ್ಟು. ಅದಕ್ಕೆ ಅಂಟಿಕೊಂಡು ಎರಡು ಕಾಳು ಅಕ್ಷತೆ.

ಮೈದಾನದ ಕಣ್ಣುಗಳೆಲ್ಲ ಕಾಕಾನ ಕಡೆ ತಿರುಗಿದವು. ಇದೂ ನಿಮ್ಮದೇನಾ ಎಂದರು ಅಂಪೈರ್. ಕಾಕಾ ತಲೆ ಎತ್ತದೆ, “ಸೇಮ್ ಬಾಟಲ್,” ಎಂದರು.

ಎರಡೂ ಕಡೆ ಕೆಂಪು ಇರುವುದರಿಂದ ಯಾರಿಗೂ ಶಿಕ್ಷೆಯಿಲ್ಲ, ಹೊಸ ಚೆಂಡು ತಂದು ಆಟ ಮುಂದುವರಿಸಿ ಎಂದು ತೀರ್ಪಾಯಿತು. ಬೊಟ್ಟು ಒರೆಸಿಕೊಳ್ಳಲು ಅಂಪೈರ್ ಬಟ್ಟೆ ಕೊಡಹೋದರು. ಶಾಲ್ಮಲಾ ತೆಗೆದುಕೊಳ್ಳಲಿಲ್ಲ. ಹೆಲ್ಮೆಟ್ ಎದೆಗೊತ್ತಿಕೊಂಡು ನೇರ ನಮ್ಮ ಕುರ್ಚಿಯ ಬಳಿ ಬಂದಳು.

“ಅಪ್ಪಾ, ಇದನ್ನ ಯಾವಾಗ ಹಚ್ಚಿದಿ?”

ಕನ್ನಡದಲ್ಲಿ! ಅವಳ ಬಾಯಿಂದ ಒಂದು ಪೂರ್ತಿ ಕನ್ನಡ ವಾಕ್ಯ ಕೇಳಿ ನನಗೆ ಎಷ್ಟು ವರ್ಷವಾಗಿತ್ತೋ. ಕಾಕಾ ಮಾತ್ರ ನನ್ನ ಕಡೆಗೇ ತಿರುಗಿದರು.

“ಮಳಿ ಬರಲಿಕ್ಕೆ ಹತ್ತೇದ. ತಲಿ ತೋಯ್ತದ, ಹೆಲ್ಮೆಟ್ ಹಾಕ್ಕೊ ಅಂತ ಆಕಿಗೆ ಹೇಳು.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಹಾಕಿಕೊಂಡಾಗಿತ್ತು.

ಹೊಸ ಚೆಂಡು ಬಂತು. ಅವಳ ಭುಜ ಈ ಸಲ ಬಿಗಿಯಿರಲಿಲ್ಲ. ಚೆಂಡು ಬಲಗಡೆಯ ಮೂಲೆಗೆ ಹಾರಿತು. ಅಲ್ಲಿದ್ದ ನಮ್ಮ ಮೇಷ್ಟ್ರು ಒದ್ದೆ ಹುಲ್ಲಿನಲ್ಲಿ ಜಾರುತ್ತ ಕೈ ಚಾಚಿದರು. ಗ್ಲೌಸಿಗೆ ತಾಗಿತೋ ಇಲ್ಲವೋ, ಚೆಂಡು ಉರುಳಿ ಬೇಲಿ ಸೇರಿತು. ಮೊದಲೇ ನಿಂತಿದ್ದವನು ಬಂದ, ಅವನ ಹಿಂದೆ ಶಾಲ್ಮಲಾ ಪೂರ್ತಿ ಸುತ್ತು ಓಡಿ ಬಂದಳು. ಎರಡು ರನ್. ನಮ್ಮವರು ತಮ್ಮ ಕೊನೆಯ ಸರದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಔಟಾದರು. ಗ್ರೀನ್‌ಫರ್ಡ್ ಕೆಳಗಿನ ಡಿವಿಷನ್ನಿಗೆ ಇಳಿಯಿತು.

ಅಂಪೈರ್ ಸಹಿ ಹಾಕಲು ಬರುವ ಮೊದಲು ನಾನು ಪುಸ್ತಕ ನೋಡಿದೆ. ಎಲ್ಲ ಚೌಕಗಳೂ ಮುತ್ತಿನಂಥ ಅಕ್ಷರದಲ್ಲಿ ತುಂಬಿದ್ದವು. ಒಂದು ಮಾತ್ರ ಖಾಲಿ. ಶಾಲ್ಮಲಾಳ ಕೊನೆಯ ಚೌಕ.

“ಕಾಕಾ, ಇದೇನು ಬಿಟ್ಟೀರಿ? ಚೆಂಡು ಮೇಷ್ಟ್ರ ಕೈಗೆ ತಾಗಿತೇನು? ಹಿಟ್ಟೋ, ಕೈತಪ್ಪೋ?”

“ನೋಡಿಲ್ಲ,” ಎಂದರು ಕಾಕಾ.

“ನೋಡಿಲ್ಲಂದ್ರ? ನಿಮ್ಮ ಮುಂದನ ಆಗೇದಲ್ಲ.”

“ಚೆಂಡು ಯಾರು ನೋಡಿದ್ರು? ಆಕಿ ಓಡೋದು ನೋಡ್ಕೋತ ನಿಂತೆ.” ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಕೊಡೆಯ ಕೆಳಗೇ ಇದ್ದವರ ಕನ್ನಡಕ ಹೇಗೆ ತೊಯ್ದಿತ್ತೋ.

ನಾನು ಅಭ್ಯಾಸಬಲದಿಂದ ಎದ್ದೆ. “ತಾಗಿತೋ ಇಲ್ಲೋ ಆಕಿನ್ನ ಕೇಳಿ ಬರ್ಲಿ?”

ಕಾಕಾ ನನ್ನ ಭುಜ ಹಿಡಿದು ಕೂರಿಸಿದರು. ಪುಸ್ತಕ ಕಂಕುಳಲ್ಲಿಟ್ಟು, ಕಿಸೆಯಿಂದ ಒಂದು ಪೆನ್ಸಿಲ್ ತೆಗೆದುಕೊಂಡು, ಅಕ್ಸ್‌ಬ್ರಿಡ್ಜ್‌ನವರ ಬೆಂಚಿನ ಕಡೆ ಹೊರಟರು. ಕೊಡೆ ನನ್ನ ಬಳಿಯೇ ಉಳಿಯಿತು.

“ನೀ ಕೂಡು, ತಮ್ಮಾ. ನಾನಽ ಕೇಳತೀನಿ.”